ನೀರು ನೋಡುವವನ ಎರಡನೆಯ ಸುತ್ತು

"ಗುರುಗಳೇ, ಒಂದು ಮಾತು ನಿಜವೆಂದು ಹೇಳಲು ಎಷ್ಟು ಸಾಕ್ಷಿ ಸಾಕು?" ಎಂದು ಶಿಷ್ಯ ಕೇಳಿದ.

ಅವನು ಹಳೆಯ ಶಿಷ್ಯ. ಏಳು ವರ್ಷ ಗುರುಗಳ ಬಳಿ ಓದಿ, ಆಮೇಲೆ ಪಟ್ಟಣಕ್ಕೆ ಹೋಗಿ ಸಂಶೋಧನೆಗೆ ಕುಳಿತವನು. ವಿಜ್ಞಾನವು ಒಂದು ಊಹೆಯನ್ನು ಜ್ಞಾನವೆಂದು ಒಪ್ಪಿಕೊಳ್ಳುವುದು ಯಾವಾಗ ಎಂಬುದು ಅವನ ವಿಷಯ. ಊಹೆಯ ಪರವಾಗಿ ಸಾಕ್ಷಿಗಳು ಕೂಡುತ್ತ ಹೋದಂತೆ ಅದು ಜ್ಞಾನವಾಗುತ್ತದೆ ಎಂಬುದು ಅವನ ವಾದ. ನಾಲ್ಕು ವರ್ಷ ಹಳೆಯ ವಿಜ್ಞಾನಿಗಳ ದಿನಚರಿಗಳನ್ನೂ ಪತ್ರಗಳನ್ನೂ ಓದಿ, ತನ್ನ ವಾದಕ್ಕೆ ಹೊಂದುವ ಮುನ್ನೂರು ಉದಾಹರಣೆಗಳನ್ನು ಕೂಡಿಹಾಕಿದ್ದ. ಬರುವ ವಾರ ಪ್ರಬಂಧ ಒಪ್ಪಿಸಬೇಕಿತ್ತು. ಅದಕ್ಕೆ ಮೊದಲು ಗುರುಗಳಿಗೊಮ್ಮೆ ತೋರಿಸಿ ಹೋಗೋಣವೆಂದು ಬಂದಿದ್ದ.

ಗುರುಗಳು ಹಿತ್ತಲ ಬಾವಿಯಿಂದ ಸೇದಿ ಕೊಟ್ಟ ನೀರನ್ನು ಕುಡಿದ. ಮನೆಯ ಮುಂದೆ ಒಂದು ಮರ, ಮರದ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಓದುವ ಕಾಲದಲ್ಲಿ ಅವನು ದಿನವೂ ಬುತ್ತಿ ಬಿಚ್ಚುತ್ತಿದ್ದುದು ಅದೇ ಕಲ್ಲಿನ ಮೇಲೆ. ಅದನ್ನು ಕಂಡು ಅವನಿಗೆ ಸಂತೋಷವಾಯಿತು. ಕಲ್ಲಿನ ತುಂಬ ಹೂ ಉದುರಿತ್ತು. ಹೂವಿನ ಮೇಲೆಯೇ ಪ್ರಬಂಧದ ಕಾಗದದ ಗಂಟನ್ನಿಟ್ಟು ಪಕ್ಕದಲ್ಲಿ ಕುಳಿತ.

ಶಿಷ್ಯ ವಿವರಿಸಿದ್ದನ್ನೆಲ್ಲ ಕೇಳಿ ಗುರುಗಳು ಗಂಟಿನ ಕಡೆ ನೋಡಿದರು.

"ಹೊಂದಿದವು ಮುನ್ನೂರು. ಸರಿ. ಹೊಂದದವು ಎಷ್ಟು?"

"ಕೆಲವು ಇದ್ದವು, ಗುರುಗಳೇ. ಅವುಗಳಿಂದ ಉಪಯೋಗವಿಲ್ಲ ಎಂದು ಬರೆದುಕೊಳ್ಳಲಿಲ್ಲ."

"ಕೆಲವು ಎಂದರೆ?"

ಶಿಷ್ಯ ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.

ಗುರುಗಳು ನಕ್ಕರು. "ಇರಲಿ ಬಿಡು. ಗಂಟು ಎಲ್ಲೂ ಓಡಿಹೋಗುವುದಿಲ್ಲ, ನಿನಗೂ ಇವತ್ತು ಬಸ್ಸಿನ ಅವಸರವಿಲ್ಲ. ಒಂದು ಕತೆ ಹೇಳುತ್ತೇನೆ. ನನಗೆ ಇದನ್ನು ಹೇಳಿದವಳು ನನ್ನ ಅಜ್ಜಿ. ಹೇಳುವಾಗಲೆಲ್ಲ ಅವಳು ಒಂದೇ ಜಾಗದಲ್ಲಿ ನಗುತ್ತಿದ್ದಳು, ಒಂದೇ ಜಾಗದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಎರಡೂ ಒಂದೇ ಜಾಗ ಎಂದು ನನಗೆ ತಿಳಿದದ್ದು ಬಹಳ ತಡವಾಗಿ."

ಹೀಗೆಂದು ಗುರುಗಳು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ನೀರು ನೋಡುವವನಿದ್ದ. ಹೆಸರು ಈರಣ್ಣ. ನೆಲದ ಮೇಲೆ ನಡೆದಾಡಿ, ನೆಲದೊಳಗೆ ನೀರು ಎಲ್ಲಿದೆ ಎಂದು ಹೇಳುವುದು ಅವನ ಕಸುಬು. ಅವನು ಹೇಳಿದ ಕಡೆ ತೋಡಲು ಒಬ್ಬ ಬಾವಿ ತೋಡುವವನಿದ್ದ. ಅವನ ಹೆಸರು ಓಬಳೇಶ. ಒಬ್ಬ ಮೇಲೆ, ಒಬ್ಬ ಕೆಳಗೆ, ಹೀಗೆ ನಲವತ್ತು ವರ್ಷ ಇಬ್ಬರೂ ಜೊತೆಯಲ್ಲಿ ದುಡಿದರು. ಜಗಳವಾಡದ ದಿನವಿರಲಿಲ್ಲ. ಒಂದೇ ಬುತ್ತಿಯಲ್ಲಿ ಉಣ್ಣದ ದಿನವೂ ಇರಲಿಲ್ಲ.

ಈರಣ್ಣನಿಗೆ ಮೂರು ಗುರುತುಗಳು ಗೊತ್ತಿದ್ದವು. ಹುತ್ತವಿರುವ ಕಡೆ ನೀರು. ಅತ್ತಿ ಮರವಿರುವ ಕಡೆ ನೀರು. ಬೇಸಿಗೆಯಲ್ಲೂ ಗರಿಕೆ ಒಣಗದ ಕಡೆ ನೀರು. ಈ ಮೂರರಲ್ಲಿ ಒಂದು ಕಂಡರೆ ಸಾಕು, ಅವನು ಒಂದು ಕವಲು ಕಡ್ಡಿಯನ್ನು ಎರಡು ಕೈಯಲ್ಲಿ ಹಿಡಿದು ಅದರ ಸುತ್ತ ನಡೆಯುತ್ತಿದ್ದ. ಕಡ್ಡಿ ನೆಲದ ಕಡೆ ಬಾಗಿದಲ್ಲಿ ಹಿಮ್ಮಡಿ ಊರಿ, "ಇಲ್ಲಿ" ಎನ್ನುತ್ತಿದ್ದ.

ನೀರು ಬಂದ ದಿನ ಊರಿಗೇ ಹಬ್ಬ. ಓಬಳೇಶ ಮೊದಲ ಹಸಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಬಂದು, ಈರಣ್ಣನ ಹಣೆಗೆ ಹಚ್ಚುತ್ತಿದ್ದ. ಊರ ಹೆಂಗಸರು ಮೊದಲ ಕೊಡದ ನೀರನ್ನು ಅವನ ಕಾಲಿಗೆ ಸುರಿಯುತ್ತಿದ್ದರು. ಎಲ್ಲರ ಬಾಯಿಗೂ ಬೆಲ್ಲ.

ನೀರು ಬಾರದ ದಿನಕ್ಕೂ ಒಂದು ಪದ್ಧತಿಯಿತ್ತು. ಆರು ಆಳುದ್ದ ತೋಡಿದರೂ ಹಸಿ ಕಾಣದಿದ್ದರೆ ಓಬಳೇಶ ಬರಿಗೈಯಲ್ಲಿ ಮೇಲೆ ಬರುತ್ತಿದ್ದ. ಆ ಬರಿಗೈ ಕಂಡ ಕೂಡಲೇ ನೀರು ನೋಡುವವನು ಹಿಂದಿರುಗಿ ನೋಡದೆ ಊರು ಬಿಡಬೇಕು. ಆಮೇಲೆ ಆ ಗುಂಡಿಯ ಮಾತನ್ನು ಯಾರೂ ಎತ್ತಬಾರದು. ಎತ್ತಿದರೆ ಸುತ್ತಲಿನ ಬಾವಿಗಳೂ ಬತ್ತುತ್ತವೆ ಎಂದು ಆ ಸೀಮೆಯವರು ನಂಬಿದ್ದರು. ಈರಣ್ಣನೂ ನಂಬಿದ್ದ. ಹಿಂದಿರುಗಿ ನೋಡದೆ ಹೋಗುತ್ತಿದ್ದ, ಮಾತೆತ್ತದೆ ಇರುತ್ತಿದ್ದ. ಮಾತಿಗೆ ಬಾರದ್ದು ಕಾಲ ಕಳೆದಂತೆ ನೆನಪಿಗೂ ಬಾರದಾಯಿತು.

ಈರಣ್ಣ ಮುದುಕನಾದ. ಮಂಡಿ ನೋವು ಹಿಡಿಯಿತು. ಮಗ ಬೇರೆ ಕಸುಬು ಹಿಡಿದಿದ್ದ. ಮೊಮ್ಮಗಳು ಕೆಂಚಮ್ಮನಿಗೆ ಹತ್ತೊಂಬತ್ತು ವರ್ಷ. ಅವಳಿಗೆ ಅಕ್ಷರವೂ ಬರುತ್ತಿತ್ತು, ಅಜ್ಜನ ಕಸುಬಿನ ಹುಚ್ಚೂ ಇತ್ತು. ಆ ಕೆಂಚಮ್ಮನೇ ನನ್ನ ಅಜ್ಜಿ.

ಆ ವರ್ಷ ಹೊಸದಾಗಿ ಕಟ್ಟಿದ ಒಂದು ಹಟ್ಟಿಯವರು ಈರಣ್ಣನ ಬಳಿ ಬಂದರು. ಅವರ ಹೆಂಗಸರು ಹಳ್ಳದ ಒರತೆಯಿಂದ ನೀರು ಹೊರುತ್ತಿದ್ದರು. ಹೋಗಿಬರಲು ಅರ್ಧ ದಿನ ಬೇಕಾಗುತ್ತಿತ್ತು. ಬಾವಿಗೆ ಜಾಗ ತೋರಿಸಬೇಕು ಎಂದು ಕೇಳಿದರು.

"ಈ ಸಲ ನನ್ನ ಮೊಮ್ಮಗಳು ತೋರಿಸುತ್ತಾಳೆ. ಎರಡು ತಿಂಗಳು ಕೊಡಿ, ಕಲಿಸುತ್ತೇನೆ" ಎಂದ ಈರಣ್ಣ.

ಕಲಿಸುವುದು ಹೇಗೆ? ತಾನು ತೋರಿಸಿದ ಬಾವಿಗಳನ್ನೆಲ್ಲ ಅವಳಿಗೆ ತೋರಿಸಬೇಕು ಎಂದುಕೊಂಡ. ಗಾಡಿ ಕಟ್ಟಿಸಿದ. ಒಬ್ಬನೇ ಹೋಗಲು ಮನಸ್ಸು ಬರಲಿಲ್ಲ. ಓಬಳೇಶನನ್ನೂ ಕರೆದ. ಎತ್ತು ಹೊಡೆದವಳು ಕೆಂಚಮ್ಮ.

ಆ ಹನ್ನೊಂದು ದಿನಗಳನ್ನು ಹೇಳುವಾಗ ನನ್ನ ಅಜ್ಜಿ ಮತ್ತೆ ಹತ್ತೊಂಬತ್ತರವಳಾಗುತ್ತಿದ್ದಳು. ಒಂದೊಂದು ಬಾವಿ ಬಂದಾಗಲೂ ಈರಣ್ಣ ಓಬಳೇಶನ ಕೈ ಹಿಡಿದು ಗಾಡಿಯಿಂದ ಇಳಿಯುತ್ತಿದ್ದ. ಕಟ್ಟೆ ಹಿಡಿದು ಒಳಗೆ ಬಗ್ಗಿ ನೋಡುತ್ತಿದ್ದ. ಈ ಬಾವಿ ತೋಡಿದ ದಿನ ನಿನ್ನ ಅಪ್ಪ ಹುಟ್ಟಿದ ಎನ್ನುತ್ತಿದ್ದ. ಇಲ್ಲಿ ಓಬಳೇಶನಿಗೆ ಚೇಳು ಕಡಿದಿತ್ತು, ಕಡಿದ ಚೇಳಿಗಿಂತ ಇವನ ಕೂಗಾಟವೇ ಹೆಚ್ಚಾಗಿತ್ತು ಎನ್ನುತ್ತಿದ್ದ. ಒಂದು ಊರಿನಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಅವನ ಗುರುತು ಹಿಡಿದಳು. ಮೂವತ್ತು ವರ್ಷದ ಹಿಂದೆ ಆ ಬಾವಿಯ ಮೊದಲ ಕೊಡವನ್ನು ಅವನ ಕಾಲಿಗೆ ಸುರಿದವಳು ಅವಳೇ. ಸೊಸೆಯ ಕೈಯಿಂದ ಕೊಡ ಕಿತ್ತುಕೊಂಡು ಮತ್ತೆ ಸುರಿದಳು. ಈರಣ್ಣ ಚಿಕ್ಕ ಮಗುವಿನಂತೆ ಅತ್ತ.

ಇಂಥ ದಿನಗಳು ಮನುಷ್ಯನಿಗೆ ಮುಪ್ಪಿನಲ್ಲಿ ಬೇಕು. ನಾನು ಬೇಡವೆನ್ನುವುದಿಲ್ಲ. ನಿನ್ನನ್ನು ಈ ಮರದ ಕೆಳಗೆ ಕಂಡಾಗ ನನಗೂ ಅಂಥದೇ ಒಂದು ಗಳಿಗೆ ಬಂದುಹೋಯಿತು.

ಕೆಂಚಮ್ಮ ಮಾತ್ರ ನೆನಪಿಗೆ ಬಂದವಳಲ್ಲ, ಕಲಿಯಲು ಬಂದವಳು. ಬಾವಿಗೊಂದರಂತೆ ಹುಣಸೆ ಬೀಜವನ್ನು ಸೆರಗಿನ ತುದಿಗೆ ಹಾಕಿಕೊಳ್ಳುತ್ತಿದ್ದಳು. ಯಾವ ಬಾವಿಗೆ ಯಾವ ಗುರುತಿತ್ತು ಎಂದು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದಳು. ಹನ್ನೊಂದನೆಯ ದಿನ ಎಣಿಸಿದಳು. ನಲವತ್ತೊಂದು ಬೀಜ. ನಲವತ್ತೊಂದು ಕಡೆಯೂ ಮೂರರಲ್ಲಿ ಒಂದಾದರೂ ಗುರುತು ಇತ್ತು. ನಲವತ್ತೊಂದು ಕಡೆಯೂ ಕಡ್ಡಿ ಬಾಗಿತ್ತು.

"ಒಂದೂ ತಪ್ಪಿಲ್ಲ ತಾತ" ಎಂದಳು.

"ತಪ್ಪೋಕೆ ಇದೇನು ಆಟವೇ ಮಗಾ" ಎಂದ ಈರಣ್ಣ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಹಾಗೆಯೇ ಅನ್ನಿಸಿತ್ತು.

ಗಾಡಿ ಮನೆಯ ದಾರಿ ಹಿಡಿಯಿತು. ದಾರಿಯ ಪಕ್ಕ ಒಂದು ಹೊಂಗೆ ಮರ ಬಂತು. ಕೆಂಚಮ್ಮ ತಲೆಯ ಮೇಲೆ ಹೊದ್ದ ಸೆರಗು ಸರಿಮಾಡಿಕೊಳ್ಳಲು ಹಿಂದಕ್ಕೆ ತಿರುಗಿದಾಗ ಓಬಳೇಶ ಮುಖ ಆಚೆ ತಿರುಗಿಸಿ ಕುಳಿತಿದ್ದ. ಅವಳಿಗೆ ಏನೋ ನೆನಪಾಯಿತು. ನಿನ್ನೆಯೂ ಹೀಗೆ ಕುಳಿತಿದ್ದ, ಮೊನ್ನೆಯೂ. ಇನ್ನೊಂದು ಹೊಂಗೆ ಬರಲಿ ಎಂದು ಕಾದಳು. ಬಂತು. ಓಬಳೇಶ ಮುಖ ತಿರುಗಿಸಿದ. ಬೇವಿನ ಮರ ಬಂತು, ಹುಣಸೆ ಬಂತು. ತಿರುಗಿಸಲಿಲ್ಲ.

ಅವಳು ಎತ್ತು ನಿಲ್ಲಿಸಿದಳು.

"ಓಬಳೇಶ್ ತಾತ, ಹೊಂಗೆ ಕಂಡಾಗ್ಲೆಲ್ಲ ನೀನು ಮುಖ ಯಾಕೆ ತಿರುಗಿಸ್ತೀಯ?"

ಓಬಳೇಶ ಈರಣ್ಣನ ಕಡೆ ನೋಡಿದ. ನಲವತ್ತು ವರ್ಷ ಎತ್ತದ ಮಾತು. ಈಗ ಎತ್ತದಿದ್ದರೆ ಕೇಳಿದ ಹುಡುಗಿಗೆ ಸುಳ್ಳು ಹೇಳಬೇಕು. ಅವನಿಗೆ ಸುಳ್ಳು ಬರುತ್ತಿರಲಿಲ್ಲ, ಮೌನ ಮಾತ್ರ ಬರುತ್ತಿತ್ತು.

"ನಿನ್ನ ತಾತ ಹಿಂದಿರುಗಿ ನೋಡದೆ ಹೋದ ಮೇಲೆ, ಗುಂಡಿ ಮುಚ್ಚೋದು ನನ್ನ ಕೆಲಸ, ತಾಯೀ. ಮುಚ್ಚಿದ ಮೇಲೆ ಒಂದು ಹೊಂಗೆ ಗಿಡ ನೆಟ್ಟು ಬರ್ತಿದ್ದೆ. ಬರಿ ಮಣ್ಣು ಬಿಟ್ಟು ಬರೋಕೆ ಮನಸ್ಸಾಗ್ತಿರಲಿಲ್ಲ."

ಈರಣ್ಣ ಗಾಡಿಯಿಂದ ಇಳಿದ. ಈ ಸಲ ಯಾರ ಕೈಯನ್ನೂ ಹಿಡಿಯಲಿಲ್ಲ. ಹೊಂಗೆಯ ಬಳಿ ಹೋದ. ಮರದ ಪಕ್ಕದಲ್ಲಿ ಒಂದು ದೊಡ್ಡ ಹುತ್ತ ಇನ್ನೂ ನಿಂತಿತ್ತು. ಚೀಲದಿಂದ ಕವಲು ಕಡ್ಡಿ ತೆಗೆದು ಎರಡು ಕೈಯಲ್ಲಿ ಹಿಡಿದು ಮರದ ಸುತ್ತ ನಡೆದ. ಕಡ್ಡಿ ನೆಲದ ಕಡೆ ಬಾಗಿತು. ಬಾವಿಗಳ ಬಳಿ ಹೇಗೆ ಬಾಗುತ್ತಿತ್ತೋ ಹಾಗೆಯೇ ಬಾಗಿತು.

ಅವನು ಅಲ್ಲೇ ಕುಳಿತುಬಿಟ್ಟ.

"ಇಂಥವು ಎಷ್ಟಿವೆ?" ಎಂದು ಕೇಳಿದ.

"ಬಾವಿಗಿಂತ ಜಾಸ್ತಿ."

"ನನ್ನ ನಲವತ್ತು ವರ್ಷಾನ ಮಣ್ಣು ಹಾಕಿ ಮುಚ್ಚಿಬಿಟ್ಯಲ್ಲೋ ಓಬಳೇಶಾ!"

"ಮುಚ್ಚಿದ್ದು ಹೌದು ಈರಣ್ಣ. ಆದ್ರೆ ಗಿಡ ನೆಟ್ಟಿದ್ದೂ ನಾನೇ. ನೆಡದೆ ಇದ್ದಿದ್ರೆ ಇವತ್ತು ಈ ಕೂಸಿಗೆ ತೋರಿಸೋಕೆ ಏನಿರ್ತಿತ್ತು?"

ನನ್ನ ಅಜ್ಜಿ ನಗುತ್ತಿದ್ದುದೂ ಅಳುತ್ತಿದ್ದುದೂ ಇಲ್ಲಿ. ಇಬ್ಬರು ಮುದುಕರು ನಡುಹಗಲಿನಲ್ಲಿ ದಾರಿಯ ಪಕ್ಕ ಕುಳಿತು ಒಬ್ಬರ ಮೇಲೊಬ್ಬರು ಮುನಿಸಿಕೊಂಡಿದ್ದರಂತೆ. ಮುನಿಸಿಕೊಂಡೇ ಒಂದು ಬುತ್ತಿಯಲ್ಲಿ ಉಂಡರಂತೆ.

ಈರಣ್ಣನಿಗೆ ಎರಡು ದಾರಿಗಳಿದ್ದವು. ಮನೆಗೆ ಹೋಗಿ, ನಲವತ್ತೊಂದು ಬೀಜದ ಗಂಟನ್ನು ಮೊಮ್ಮಗಳ ಕೈಗಿಟ್ಟು, ಇದೇ ನನ್ನ ವಿದ್ಯೆ ಎನ್ನಬಹುದಿತ್ತು. ಓಬಳೇಶ ಮತ್ತೆ ಬಾಯಿ ಬಿಡುತ್ತಿರಲಿಲ್ಲ. ಸೀಮೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವನ ಹೆಸರು ಹಾಗೆಯೇ ಉಳಿಯುತ್ತಿತ್ತು. ಆದರೆ ಹೊಸ ಹಟ್ಟಿಯಲ್ಲಿ ಹಿಮ್ಮಡಿ ಊರಬೇಕಾದವಳು ಕೆಂಚಮ್ಮ. ಅಲ್ಲಿ ನೀರಿಗೆ ಕಾದಿದ್ದ ಹೆಂಗಸರು ಅವಳ ಮುಖ ನೋಡುವವರು. ಅವಳ ಜೀವನ ಅಲ್ಲಿಂದ ಶುರು. ಅವಳಿಗೆ ಅರ್ಧ ವಿದ್ಯೆ ಕೊಟ್ಟು ಕಳಿಸಲು ಅವನ ಎದೆ ಒಪ್ಪಲಿಲ್ಲ.

"ಗಾಡಿ ತಿರುಗಿಸು ಮಗಾ. ಹೊಂಗೆಗಳನ್ನು ನೋಡಿ ಬರೋಣ" ಎಂದ.

ಎರಡನೆಯ ಸುತ್ತಿಗೆ ಇಪ್ಪತ್ತು ದಿನ ಹಿಡಿಯಿತು. ಈ ಸಲ ದಾರಿ ಹೇಳಿದವನು ಓಬಳೇಶ. ಯಾವ ಗುಂಡಿಯ ಪಕ್ಕ ಯಾವ ಗುರುತಿತ್ತು, ಎಷ್ಟು ಆಳಕ್ಕೆ ಬಂಡೆ ಸಿಕ್ಕಿತು, ಎಲ್ಲ ಅವನಿಗೆ ನೆನಪಿತ್ತು. ತೋಡಿ, ಅದನ್ನೇ ಮತ್ತೆ ಮುಚ್ಚಿದವನ ಬೆನ್ನು ಮರೆಯುವುದಿಲ್ಲ. ಈ ಸುತ್ತಿನಲ್ಲಿ ಯಾರೂ ಕಾಲಿಗೆ ನೀರು ಸುರಿಯಲಿಲ್ಲ. ಕೆಲವು ಊರುಗಳಲ್ಲಿ ಜನ ಬಾಗಿಲು ಹಾಕಿಕೊಂಡರು. ಮೊದಮೊದಲು ಈರಣ್ಣ ಗಾಡಿಯಿಂದ ಇಳಿಯುತ್ತಿರಲಿಲ್ಲ. ಆರನೆಯ ಹೊಂಗೆಯ ಹೊತ್ತಿಗೆ ಇಳಿದ. ಹತ್ತನೆಯದರ ಹೊತ್ತಿಗೆ ಆ ಗುಂಡಿಯ ವಿಷಯವನ್ನು ತಾನೇ ಓಬಳೇಶನಿಂದ ಕೇಳತೊಡಗಿದ. ಹಿಂದಿರುಗಿ ನೋಡದೆ ಬಿಟ್ಟುಬಂದ ದಿನಗಳು ಒಂದೊಂದಾಗಿ ಅವನ ನೆನಪಿಗೆ ಬಂದವು. ಅವೂ ಅವನ ದಿನಗಳೇ ಆಗಿದ್ದವು. ಆ ದಿನಗಳಲ್ಲೂ ಇಬ್ಬರೂ ಹಾಡು ಹೇಳಿದ್ದರು, ಜಗಳವಾಡಿದ್ದರು, ಮರದ ಕೆಳಗೆ ಮಲಗಿ ನಿದ್ದೆ ಮಾಡಿದ್ದರು. ನೀರು ಬರಲಿಲ್ಲವೆಂದು ಅಷ್ಟನ್ನೂ ಕಳೆದುಕೊಂಡಿದ್ದೆನಲ್ಲಾ ಎಂದು ಅವನಿಗೆ ಸಂಕಟವಾಯಿತು.

ಹೊಂಗೆಗಳು ಐವತ್ತೆಂಟು. ಕೆಂಚಮ್ಮ ಸೆರಗಿನ ಇನ್ನೊಂದು ತುದಿ ಬಿಚ್ಚಿದಳು. ಅಜ್ಜನ ಮುಂದೆ ಬೀಜಗಳನ್ನು ಎರಡು ರಾಶಿ ಮಾಡಿದಳು, ಬಾವಿಯವು ಒಂದು ಕಡೆ, ಹೊಂಗೆಯವು ಒಂದು ಕಡೆ. ಪುಸ್ತಕ ನೋಡಿ ಹೇಳಿದಳು. ಪ್ರತಿ ನಾಲ್ಕು ಬಾವಿಗಳಲ್ಲಿ ಸುಮಾರು ಮೂರರ ಪಕ್ಕ ಹುತ್ತವಿತ್ತು. ಪ್ರತಿ ನಾಲ್ಕು ಹೊಂಗೆಗಳಲ್ಲೂ ಸುಮಾರು ಮೂರರ ಪಕ್ಕ ಹುತ್ತವಿತ್ತು. ಅತ್ತಿ ಮರ ಹದಿನೇಳು ಬಾವಿಗಳ ಬಳಿ ಇತ್ತು, ನಾಲ್ಕೇ ಹೊಂಗೆಗಳ ಬಳಿ. ಗರಿಕೆಯಲ್ಲಿ ಸ್ವಲ್ಪ ಅಂತರವಿತ್ತು, ಹೌದು ಎನ್ನಲು ಸಾಲದಷ್ಟು. ಕವಲು ಕಡ್ಡಿ ಎರಡು ಕಡೆಯೂ ಬಾಗಿತ್ತು.

"ತಾತ, ಕಡ್ಡಿ ಬಾಗದ ಕಡೆ ಯಾವತ್ತಾದ್ರೂ ತೋಡಿದ್ರಾ?" ಎಂದು ಕೇಳಿದಳು.

"ಇಲ್ಲ."

"ಹಾಗಾದ್ರೆ ಅಲ್ಲಿ ನೀರು ಇತ್ತೋ ಇಲ್ವೋ?"

ಈರಣ್ಣ ಕಡ್ಡಿಯನ್ನು ನೋಡಿದ. ನಲವತ್ತು ವರ್ಷ ಅವನ ಬೆವರು ಕುಡಿದ ಕಡ್ಡಿ ಅದು. ಬಿಸಾಡಲಿಲ್ಲ. ಅದನ್ನು ಗಾಡಿಯ ಮೂಲೆಯಲ್ಲಿಟ್ಟ.

"ಹುತ್ತ ಬಿಡು. ಅತ್ತಿ ಇಟ್ಟುಕೋ. ಗರಿಕೆ ವಿಷಯ ಇನ್ನೂ ಗೊತ್ತಿಲ್ಲ. ಕಡ್ಡಿ ವಿಷಯಾನೂ ಗೊತ್ತಿಲ್ಲ" ಎಂದ.

ಗೊತ್ತಿಲ್ಲ ಎಂಬ ಮಾತನ್ನು ಅಜ್ಜನ ಬಾಯಲ್ಲಿ ಕೆಂಚಮ್ಮ ಕೇಳಿದ್ದು ಅದೇ ಮೊದಲು. ಅವತ್ತು ಅವನು ತನಗೆ ಎಂದಿಗಿಂತ ಎತ್ತರವಾಗಿ ಕಂಡ ಎನ್ನುತ್ತಿದ್ದಳು.

ಈರಣ್ಣ ಇನ್ನೊಂದು ಕೆಲಸ ಮಾಡಿದ. ಪದ್ಧತಿಯನ್ನು ಬದಲಿಸಿದ. ಇನ್ನು ಮುಂದೆ ನೀರು ಬಾರದಿದ್ದರೆ ಗುಂಡಿ ಮುಚ್ಚಲಿ, ಹೊಂಗೆಯನ್ನೂ ನೆಡಲಿ. ಆದರೆ ಜಾಗ ತೋರಿಸಿದವರು ಕೊನೆಯ ಬುಟ್ಟಿ ಮಣ್ಣು ಬೀಳುವವರೆಗೆ ಅಲ್ಲೇ ನಿಲ್ಲಬೇಕು. ಹೊಂಗೆಯ ಬುಡದಲ್ಲಿ ಒಂದು ಕಲ್ಲು ಹಾಸಬೇಕು. ಯಾವ ಗುರುತು ನೋಡಿದೆವು, ಎಷ್ಟು ಆಳ ತೋಡಿದೆವು, ನೀರು ಬರಲಿಲ್ಲ ಎಂದು ಅದರ ಮೇಲೆ ಬರೆಯಬೇಕು. ಮುಂದೆ ತೋಡುವವರು ಅದನ್ನು ಓದಿ ತೋಡಲಿ. ಕೆಂಚಮ್ಮ ಇದ್ದಿಲಿನಿಂದ ಬರೆದುಕೊಟ್ಟರೆ, ಉಳಿಯಿಂದ ಕೆತ್ತುವುದು ತನ್ನ ಪಾಲು ಎಂದ ಓಬಳೇಶ.

ಸೀಮೆಯವರು ಬೈದರು. ಬಾವಿಗಳೆಲ್ಲ ಬತ್ತುತ್ತವೆ ಎಂದು ಹೆದರಿಸಿದರು. ಒಂದು ಬಾವಿಯೂ ಅದಕ್ಕಾಗಿ ಬತ್ತಲಿಲ್ಲ.

ಹೇಳಿದ ದಿನ ಮೂವರೂ ಹೊಸ ಹಟ್ಟಿಗೆ ಹೋದರು. ಹಟ್ಟಿಯ ಹಿರಿಯರು ಆಳೆತ್ತರದ ಒಂದು ಹುತ್ತದ ಬಳಿ ಕರೆದುಕೊಂಡು ಹೋಗಿ, ನಿಮ್ಮ ತಾತನಾಗಿದ್ದರೆ ಇಲ್ಲೇ ತೋಡಿಸುತ್ತಿದ್ದ ಎಂದರು. ಕೆಂಚಮ್ಮ ಅದನ್ನು ದಾಟಿ ಮುಂದೆ ಹೋದಳು. ಹಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಅತ್ತಿ ಮರವಿತ್ತು. ಅದರ ಬಳಿ ಹಿಮ್ಮಡಿ ಊರಿ, "ಇಲ್ಲಿ" ಎಂದಳು.

ಗುದ್ದಲಿ ಹಿಡಿದವರು ಓಬಳೇಶನ ಮಕ್ಕಳು. ಇಬ್ಬರು ಮುದುಕರೂ ಅಂಚಿನಲ್ಲಿ ಕುಳಿತರು. ಹಟ್ಟಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಸುತ್ತ ನಿಂತರು. ಒಂದು ಆಳುದ್ದವಾಯಿತು, ಎರಡಾಯಿತು. ದಿನಗಳು ಕಳೆದವು. ಐದಾಯಿತು. ಆರನೆಯ ಆಳುದ್ದ ಮುಗಿಯುವ ದಿನ ಕೆಂಚಮ್ಮ ಬೆಳಗಿನಿಂದ ಒಂದು ತುತ್ತೂ ಉಣ್ಣಲಿಲ್ಲ. ಸಂಜೆ ಓಬಳೇಶನ ಹಿರಿಯ ಮಗ ಹಗ್ಗ ಹಿಡಿದು ಮೇಲೆ ಬಂದ. ಎಲ್ಲರೂ ಅವನ ಕೈ ನೋಡಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಅವನಿಗೆ ತನ್ನ ಪ್ರಬಂಧ ಮರೆತೇಹೋಗಿತ್ತು.

"ನೀರು ಬಂತೇ, ಗುರುಗಳೇ? ಅತ್ತಿಯ ಗುರುತು ನಿಜವಾಯಿತೇ?" ಎಂದು ಕೇಳಿದ.

ಗುರುಗಳು ಕಾಗದದ ಗಂಟಿನ ಮೇಲೆ ಬಿದ್ದಿದ್ದ ಒಂದು ಹೊಂಗೆ ಹೂವನ್ನು ಎರಡು ಬೆರಳಿನಿಂದ ತೆಗೆದರು.

"ನಿನ್ನ ಗಂಟನ್ನು ಎತ್ತಿ, ಏಳು ವರ್ಷ ಬುತ್ತಿ ಬಿಚ್ಚಿಯೂ ನೀನು ಓದದ ಆ ಕಲ್ಲಿನ ಮೇಲೆ ನನ್ನ ಅಜ್ಜಿ ಏನು ಬರೆದಿದ್ದಾಳೆ, ಓದು" ಎಂದರು.